ಪಂದ್ಯದ ಕಾರಿಗೆ ಎಣ್ಣೆ: ಆಯ್ಕೆ ಮತ್ತು ಪರೀಕ್ಷೆ

ಎಂಜಿನ್ನಿನಲ್ಲಿ ಉರಿದು ಶಕ್ತಿಯನ್ನು ಕೊಡುವುದು ಪೆಟ್ರೋಲು. ಆ ಶಕ್ತಿಯನ್ನು ತಾಳಿಕೊಂಡು ಎಂಜಿನ್ನನ್ನು ಉಳಿಸುವುದು ಎಣ್ಣೆ. ಪೆಟ್ರೋಲು ತೀರಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಎಣ್ಣೆ ತೀರಿದರೆ, ಅಥವಾ ಇದ್ದೂ ಕೆಟ್ಟುಹೋಗಿದ್ದರೆ, ಎಂಜಿನ್ನೇ ನಾಶವಾಗುತ್ತದೆ. ಈ ಒಂದು ಭೇದವನ್ನು ತಿಳಿದವರು ಎಣ್ಣೆಯ ವಿಷಯವನ್ನು ಅಲಕ್ಷಿಸಲಾರರು.

ನಮ್ಮ ಸೀಮೆಯ ಜನರಿಗೆ ಯಂತ್ರವೆಂಬುದು ಹೊಸತಲ್ಲ. ಇಚಲಕರಂಜಿಯಲ್ಲಿ 1904ರಲ್ಲಿಯೇ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಪಂಚಗಂಗೆಯ ದಂಡೆಯ ಕಬ್ಬಿನ ಹೊಲಗಳಿಗೆ ನೀರೆತ್ತುವ ಎಂಜಿನ್ನುಗಳ ಸಪ್ಪಳವನ್ನು ಕೇಳುತ್ತ ಎರಡು ಮೂರು ತಲೆಮಾರಿನ ಮಕ್ಕಳು ಬೆಳೆದಿದ್ದಾರೆ. ಕೊಲ್ಲಾಪುರದ ಶಿರೋಳಿ ಹಾಗೂ ಗೋಕುಳ ಶಿರಗಾಂವದ ಎರಕದ ಕಾರ್ಖಾನೆಗಳಲ್ಲಿ ದೊಡ್ಡ ದೊಡ್ಡ ಮೋಟಾರು ಕಂಪನಿಗಳಿಗೆ ಬೇಕಾದ ಭಾಗಗಳು ಇಂದಿಗೂ ಎರಕಗೊಳ್ಳುತ್ತಿವೆ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿ ಕೂಡಿದೆ. ಬೆಳ್ಳಿಯ ಕೆಲಸಕ್ಕೆ ಹೆಸರಾದ ಹುಪರಿಯ ಕಡೆಯಲ್ಲಿ ಮೋಹಿತೆಯವರ ಪಂದ್ಯದ ಓಟದಾರಿ ನಿರ್ಮಾಣಗೊಂಡು, ಅಲ್ಲಿ ಕಾರ್ಟ್ ಎಂಬ ಪುಟ್ಟ ಗಾಡಿಗಳ ರಾಷ್ಟ್ರೀಯ ಪಂದ್ಯಗಳು ನಡೆದಿವೆ. ಕೊಲ್ಲಾಪುರದ ಕೃಷ್ಣರಾಜ ಮಹಾಡಿಕರು ಬ್ರಿಟನ್ನಿನ ಫಾರ್ಮುಲಾ ಮೂರು ಪಂದ್ಯಗಳಲ್ಲಿಯೂ, ಧ್ರುವ ಮೋಹಿತೆಯವರು ಭಾರತದ ಫೋಕ್ಸ್‌ವಾಗನ್ ಪಂದ್ಯಗಳಲ್ಲಿಯೂ ಕಾರು ಓಡಿಸಿದ್ದಾರೆ. ಇದನ್ನೆಲ್ಲ ಕಂಡ ನಮ್ಮ ಹುಡುಗರಿಗೆ ತಾವೂ ಒಂದು ದಿನ ಆ ಸ್ಥಾನದಲ್ಲಿ ಕುಳಿತುಕೊಳ್ಳಬೇಕೆಂಬ ಆಸೆ ಹುಟ್ಟಿದರೆ ಅದು ಸಹಜವೇ ಆಗಿದೆ. ಆ ಆಸೆಯುಳ್ಳವರಿಗೂ, ಅವರ ವೆಚ್ಚವನ್ನು ಹೊರಬೇಕಾದ ಪಾಲಕರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆಯಲಾಗಿದೆ.

ಎಣ್ಣೆಯ ತಪ್ಪಿನಿಂದ ಆಗುವ ಹಾನಿ ಹಣದ್ದು ಮಾತ್ರವಲ್ಲ. ವೇಗದಲ್ಲಿರುವಾಗ ಎಂಜಿನ್ನು ಬಿಗಿದು ನಿಂತರೆ ಚಾಲಕ ಚಕ್ರಗಳೂ ಬಿಗಿದುಕೊಂಡು ಗಾಡಿ ಹಿಡಿತ ತಪ್ಪಬಹುದು. ಸಿಲಿಂಡರಿನ ಗೋಡೆ ಒಡೆದರೆ ಎಣ್ಣೆ ದಾರಿಯ ಮೇಲೆ ಚೆಲ್ಲುತ್ತದೆ. ಹಿಂದೆ ಬರುತ್ತಿರುವವನು ಏನೂ ಅರಿಯದೆ ಅದರ ಮೇಲೆ ಜಾರುತ್ತಾನೆ. ಒಬ್ಬನ ಅಲಕ್ಷ್ಯಕ್ಕೆ ಮತ್ತೊಬ್ಬನು ದಂಡ ತೆರುವ ಪ್ರಸಂಗವಿದು. ಆದ್ದರಿಂದ ಎಣ್ಣೆಯ ವಿಚಾರವು ಕೇವಲ ಕುಶಲತೆಯ ವಿಚಾರವಾಗಿರದೆ ಹೊಣೆಗಾರಿಕೆಯ ವಿಚಾರವೂ ಆಗಿದೆ.

ಎಣ್ಣೆ ಮಾಡುವ ಕೆಲಸ

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನೀವೆಲ್ಲರೂ ಕಂಡಿದ್ದೀರಿ ಅಥವಾ ಹಿರಿಯರಿಂದ ಕೇಳಿದ್ದೀರಿ. ಅಲ್ಲಿ ಎಣ್ಣೆಗೆ ಒಂದೇ ಕೆಲಸ: ಕಬ್ಬಿಣಕ್ಕೆ ಕಬ್ಬಿಣ ತಿಕ್ಕದಂತೆ ನಡುವೆ ನಿಲ್ಲುವುದು. ಕಾರಿನ ಎಂಜಿನ್ನಿನಲ್ಲಿ ಅದಕ್ಕೆ ಹಲವು ಕೆಲಸಗಳುಂಟು. ಘರ್ಷಣೆಯನ್ನು ತಗ್ಗಿಸುವುದು, ಪಿಸ್ಟನ್ನು ಹಾಗೂ ಬೇರಿಂಗುಗಳ ಉಷ್ಣವನ್ನು ಹೊತ್ತು ಹೊರಗೆ ಸಾಗಿಸುವುದು, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಮುಚ್ಚುವುದು, ಉರಿಯುವಿಕೆಯಿಂದಾದ ಮಸಿಯನ್ನೂ ಆಮ್ಲವನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು, ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವುದು, ಇವೆಲ್ಲವೂ ಅದರ ಪಾಲಿಗೆ ಬಂದಿವೆ.

ಈ ಕೆಲಸ ಎಷ್ಟು ಕಠಿಣವೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ಎಂಜಿನ್ನಿನಲ್ಲಿ ಪಿಸ್ಟನ್ನಿನ ನಡೆ 86 ಮಿಲಿಮೀಟರು, ತಿರುಗುವಿಕೆ ನಿಮಿಷಕ್ಕೆ 7000 ಸುತ್ತು ಎಂದಿಟ್ಟುಕೊಳ್ಳಿರಿ. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವುದರಿಂದ ಅದು ಕ್ರಮಿಸುವ ದೂರ 172 ಮಿಲಿಮೀಟರು. ಇದನ್ನು 7000ದಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 20 ಮೀಟರು, ಅಂದರೆ ಗಂಟೆಗೆ ಸುಮಾರು 72 ಕಿಲೋಮೀಟರು ಸರಾಸರಿ ವೇಗ ಬರುತ್ತದೆ. ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಪೂರ್ಣ ನಿಂತು ದಿಕ್ಕು ಬದಲಿಸಿ ಮತ್ತೆ ಆ ವೇಗಕ್ಕೆ ಏರಬೇಕು. ಈ ಎಲ್ಲ ಪೆಟ್ಟನ್ನು ತಡೆಯುವ ಬೇರಿಂಗಿನ ಸಂದು ಸುಮಾರು ಒಂದು ಕೂದಲೆಳೆಯಷ್ಟು; ಭಾರ ಹೆಚ್ಚಾಗಿ ಬಿದ್ದ ಕಡೆಯಲ್ಲಿ ಎಣ್ಣೆಯ ಪೊರೆ ಅದಕ್ಕಿಂತಲೂ ಎಷ್ಟೋ ಪಟ್ಟು ತೆಳ್ಳಗಾಗಿರುತ್ತದೆ. ಆ ಪೊರೆ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ.

ಹದದ ವಿಚಾರ

ಎಣ್ಣೆಯ ಗುಣಗಳಲ್ಲಿ ಮೊದಲನೆಯದು ಸ್ನಿಗ್ಧತೆ, ಎಂದರೆ ಹರಿಯುವಿಕೆಗೆ ಅದು ಒಡ್ಡುವ ತಡೆ. ಇದನ್ನರಿಯಲು ಬೆಲ್ಲದ ಗಾಣಕ್ಕೆ ಹೋದರೆ ಸಾಕು. ಕೊಪ್ಪರಿಗೆಯಲ್ಲಿ ಕುದಿಯುತ್ತಿರುವಾಗ ಪಾಕವು ನೀರಿನಂತೆ ಸುರಿಯುತ್ತದೆ. ಅದೇ ಪಾಕ ಆರುತ್ತ ಬಂದಂತೆ ಎಳೆಯಾಗಿ ಇಳಿಯುತ್ತದೆ. ಪದಾರ್ಥ ಒಂದೇ, ಉಷ್ಣಮಾನ ಬೇರೆ, ಹದ ಬೇರೆ. ಎಣ್ಣೆಯೂ ಹೀಗೆಯೇ: ತಣ್ಣಗಿರುವಾಗ ಮಂದ, ಬಿಸಿಯಾದಾಗ ತೆಳು.

ಅಮೇರಿಕೆಯ ಮೋಟಾರು ಎಂಜಿನಿಯರರ ಸಂಘವು, ಅಂದರೆ ಎಸ್.ಎ.ಇ. ಸಂಸ್ಥೆಯು, ಈ ಹದವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮವನ್ನು ಹಾಕಿಕೊಟ್ಟಿದೆ. ಡಬ್ಬಿಯ ಮೇಲೆ 10ಡಬ್ಲ್ಯೂ-40 ಎಂದಿದ್ದರೆ ಅದರಲ್ಲಿ ಎರಡು ಮಾತುಗಳಿವೆ. ಡಬ್ಲ್ಯೂ ಅಕ್ಷರದೊಡನೆ ಇರುವ ಮೊದಲ ಅಂಕಿ ಚಳಿಯಲ್ಲಿ ಎಂಜಿನ್ನು ಹೊರಡುವಾಗಿನ ನಡತೆಯನ್ನು ಹೇಳುತ್ತದೆ. ಎರಡನೆಯದು ಬಿಸಿಯಲ್ಲಿಯ ನಡತೆಯನ್ನು ಹೇಳುತ್ತದೆ. 100 ಡಿಗ್ರಿ ಸೆಂಟಿಗ್ರೇಡಿನಲ್ಲಿ 30ನೆಯ ದರ್ಜೆಯ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್‌ವರೆಗೆ, 40ನೆಯದು 12.5ರಿಂದ 16.3ರವರೆಗೆ, 50ನೆಯದು 16.3ರಿಂದ 21.9ರವರೆಗೆ ಇರತಕ್ಕದ್ದು.

ಇಲ್ಲಿ ನಮ್ಮ ಊರುಗಳಿಗೆ ಸಂಬಂಧಿಸಿದ ಒಂದು ಮಾತುಂಟು. 10ಡಬ್ಲ್ಯೂ ಎಣ್ಣೆಯ ಚಳಿಯ ಪರೀಕ್ಷೆ ನಡೆಯುವುದು ಸೊನ್ನೆಗಿಂತ 25 ಡಿಗ್ರಿ ಕೆಳಗೆ. 15ಡಬ್ಲ್ಯೂ ಎಣ್ಣೆಯದು 20 ಡಿಗ್ರಿ ಕೆಳಗೆ. ಗಡಹಿಂಗ್ಲಜದ ಪುಷ್ಯ ಮಾಸದ ಬೆಳಗು ಎಷ್ಟೇ ಚಳಿಯಾಗಿದ್ದರೂ ಅಂಥ ಶೀತ ನಮ್ಮಲ್ಲಿಲ್ಲ. ಎರಡು ಅಂಕಿಗಳ ನಡುವಿನ ಅಂತರ ಬಹಳವಾದಷ್ಟೂ ಅದನ್ನು ಸಾಧಿಸಲು ಎಣ್ಣೆಯಲ್ಲಿ ಹದವನ್ನು ಕಾಯುವ ಉದ್ದನೆಯ ಅಣುಗಳ ಪದಾರ್ಥವನ್ನು ಸಾಮಾನ್ಯವಾಗಿ ಹೆಚ್ಚು ಬೆರೆಸಬೇಕಾಗುತ್ತದೆ. ಪಂದ್ಯದ ಎಂಜಿನ್ನಿನ ಬಿರುಸಿನಲ್ಲಿ ಈ ಅಣುಗಳು ತುಂಡಾಗಿ ಎಣ್ಣೆ ತೆಳ್ಳಗಾಗುವುದುಂಟು. ಆದ್ದರಿಂದ ಮೂಲ ಎಣ್ಣೆ ಸಮಾನವಾಗಿದ್ದಲ್ಲಿ, ಬೇಡದ ಚಳಿಯ ಗುಣಕ್ಕಾಗಿ ಬಿಸಿಲಿನ ನಾಡಿನವರು ಅತಿಯಾಗಿ ಹಂಬಲಿಸಬೇಕಾಗಿಲ್ಲ.

ರಸ್ತೆಯ ಓಟ ಮತ್ತು ಪಂದ್ಯದ ಓಟ

ರಸ್ತೆಯಲ್ಲಿ ಕಾರು ಎಂಜಿನ್ನಿನ ಶಕ್ತಿಯ ಸ್ವಲ್ಪ ಭಾಗವನ್ನಷ್ಟೇ ಬಳಸುತ್ತದೆ. ಎಣ್ಣೆಯ ಉಷ್ಣಮಾನವೂ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಂದ್ಯದ ದಾರಿಯಲ್ಲಿ ಅದೇ ಕಾರು ಇಪ್ಪತ್ತು ನಿಮಿಷ ಬಿಡುವಿಲ್ಲದೆ ಪೂರ್ಣ ಶಕ್ತಿಯಲ್ಲಿ ಓಡಿದರೆ ಎಣ್ಣೆಯು 130 ಡಿಗ್ರಿಯನ್ನು ದಾಟುವುದುಂಟು. ಬೇರಿಂಗಿನೊಳಗೆ ಅದಕ್ಕಿಂತಲೂ ಹೆಚ್ಚು. ಉಷ್ಣಮಾನ ಹತ್ತು ಡಿಗ್ರಿ ಏರಿದಾಗಲೆಲ್ಲ ಎಣ್ಣೆ ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ಆ ಪ್ರಕಾರ 100ರಿಂದ 130ಕ್ಕೆ ಏರಿದರೆ ಕೆಡುವ ವೇಗ ಎಂಟು ಮಡಿ. ಆದ್ದರಿಂದಲೇ ರಸ್ತೆಯ ಕಾರಿಗೆ ಹೇಳಿದ ಕಿಲೋಮೀಟರುಗಳ ಲೆಕ್ಕ ಪಂದ್ಯದ ಕಾರಿಗೆ ಸಲ್ಲುವುದಿಲ್ಲ. ಅಲ್ಲಿ ಗಂಟೆಗಳ ಲೆಕ್ಕವನ್ನಿಡಬೇಕು.

ಈ ಕಾರಣದಿಂದ 100 ಡಿಗ್ರಿಯ ಸ್ನಿಗ್ಧತೆ ಒಂದನ್ನೇ ನೋಡಿದರೆ ಸಾಲದು. 150 ಡಿಗ್ರಿಯಲ್ಲಿ, ಬಿರುಸಾಗಿ ಉಜ್ಜುತ್ತಿರುವಾಗ ಎಣ್ಣೆಯಲ್ಲಿ ಎಷ್ಟು ಹದ ಉಳಿಯುತ್ತದೆಂಬುದನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. ಈ ಅಳತೆ 30ನೆಯ ದರ್ಜೆಗೆ ಕನಿಷ್ಠ 2.9 ಸೆಂಟಿಪಾಯಿಸ್, 10ಡಬ್ಲ್ಯೂ-40ಕ್ಕೆ 3.5, 15ಡಬ್ಲ್ಯೂ-40ಕ್ಕೂ 50ನೆಯ ದರ್ಜೆಗೂ 3.7 ಇರಬೇಕೆಂದು ನಿಯಮವಿದೆ. ಕಂಪನಿಗಳು ಪ್ರಕಟಿಸುವ ಗುಣಪತ್ರಿಕೆಯಲ್ಲಿ ಹಲವು ಸಲ ಈ ಅಂಕಿ ಸಿಕ್ಕುತ್ತದೆ. ಡಬ್ಬಿಯ ಮೇಲಿನ ಚಿತ್ರಕ್ಕಿಂತ ಈ ಒಂದು ಅಂಕಿ ಹೆಚ್ಚು ಸತ್ಯವನ್ನು ನುಡಿಯುತ್ತದೆ.

ಹಾಗಾದರೆ ಎಲ್ಲಕ್ಕಿಂತ ಮಂದವಾದ ಎಣ್ಣೆಯನ್ನೇ ಹಾಕಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದು ಸರಿಯಲ್ಲ. ಅತಿ ಮಂದವಾದ ಎಣ್ಣೆ ಕಿರಿದಾದ ಸಂದುಗಳಿಗೆ ಸಾಕಷ್ಟು ಹರಿದುಹೋಗದು. ಹರಿವು ಕಡಿಮೆಯಾದರೆ ಉಷ್ಣವೂ ಹೊರಗೆ ಸಾಗದು. ಎಣ್ಣೆಯನ್ನು ಕಲಕುವುದರಲ್ಲಿಯೇ ಎಂಜಿನ್ನಿನ ಶಕ್ತಿ ವ್ಯಯವಾಗುತ್ತದೆ. ಒತ್ತಡ ತೋರಿಸುವ ಮುಳ್ಳು ಮೇಲಕ್ಕೇರಿದ್ದನ್ನು ಕಂಡು ಹಿಗ್ಗುವವರುಂಟು. ಆದರೆ ಒತ್ತಡವೆಂದರೆ ಹರಿವಿಗೆ ಇರುವ ತಡೆಯ ಗುರುತೇ ಹೊರತು ಬೇರಿಂಗಿಗೆ ಸಾಕಷ್ಟು ಎಣ್ಣೆ ತಲುಪಿದ್ದಕ್ಕೆ ಸಾಕ್ಷಿಯಲ್ಲ. ಎಂಜಿನ್ನು ನಿರ್ಮಿಸಿದವರು ಯಾವ ಸಂದಿಗೆ ಯಾವ ಹದವನ್ನು ಎಣಿಸಿದ್ದಾರೋ ಅದರ ಸಮೀಪದಲ್ಲಿಯೇ ಇರುವುದು ಲೇಸು.

ಆಯ್ಕೆಯ ಕ್ರಮ

ಮೊದಲು ಕಾರಿನೊಡನೆ ಬಂದ ಕೈಪಿಡಿಯನ್ನು ಓದಬೇಕು. ಅದರಲ್ಲಿ ಒಪ್ಪಿದ ದರ್ಜೆಗಳೂ ಎ.ಪಿ.ಐ. ಅಥವಾ ಯುರೋಪಿನ ಎ.ಸಿ.ಇ.ಎ. ಗುಣಮಟ್ಟದ ಹೆಸರೂ ಇರುತ್ತವೆ. ಪಂದ್ಯದ ಬಳಕೆಗೆ ಬೇರೆ ದರ್ಜೆಯನ್ನು ಒಪ್ಪಿದ್ದರೆ ಅದನ್ನೂ ಅಲ್ಲಿಯೇ ಹೇಳಿರುತ್ತಾರೆ.

ಎರಡನೆಯದಾಗಿ ಮೂಲ ಎಣ್ಣೆಯನ್ನು ವಿಚಾರಿಸಬೇಕು. ನೆಲದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಶೋಧಿಸಿ ಮಾಡಿದ್ದು ಒಂದು ಬಗೆ; ರಾಸಾಯನಿಕ ಕ್ರಿಯೆಯಿಂದ ಅಣುಗಳನ್ನು ಜೋಡಿಸಿ ಮಾಡಿದ ಸಂಶ್ಲೇಷಿತ ಎಣ್ಣೆ ಇನ್ನೊಂದು ಬಗೆ. ಎರಡನೆಯದು ಉಷ್ಣವನ್ನು ಹೆಚ್ಚು ತಾಳುತ್ತದೆ, ಕಡಿಮೆ ಆವಿಯಾಗುತ್ತದೆ. ಆವಿಯ ಪರೀಕ್ಷೆಗಾಗಿ ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತೂಕದಲ್ಲಿ ಎಷ್ಟು ಕಳೆದುಹೋಯಿತೆಂದು ನೋಡುತ್ತಾರೆ. ಇದಕ್ಕೆ ನೋಆಕ್ ಪರೀಕ್ಷೆಯೆಂದು ಹೆಸರು. ಕಳೆದದ್ದು ಕಡಿಮೆಯಾದಷ್ಟೂ ಪಂದ್ಯಕ್ಕೆ ಒಳ್ಳೆಯದು.

ಮೂರನೆಯದು ಕೂಡಿಸಿದ ಔಷಧಗಳು. ಸತು ಮತ್ತು ರಂಜಕಗಳ ಒಂದು ಸಂಯುಕ್ತವು ಲೋಹದ ಮೈಮೇಲೆ ತೆಳುವಾದ ಕವಚವನ್ನು ಕಟ್ಟಿ ಸವೆತವನ್ನು ತಡೆಯುತ್ತದೆ. ಆದರೆ ರಂಜಕ ಹೆಚ್ಚಾದರೆ ಹೊಗೆಯನ್ನು ಶುದ್ಧಗೊಳಿಸುವ ಉಪಕರಣ ಕೆಡುವುದರಿಂದ ರಸ್ತೆಯ ಕಾರಿನ ಎಣ್ಣೆಗಳಲ್ಲಿ ಅದಕ್ಕೆ ಮಿತಿಯನ್ನು ಹಾಕಿದ್ದಾರೆ. ಕೇವಲ ಪಂದ್ಯಕ್ಕೆಂದು ಮಾಡಿದ ಎಣ್ಣೆಯಲ್ಲಿ ಸತು ಹೆಚ್ಚು, ತೊಳೆಯುವ ಔಷಧ ಕಡಿಮೆ ಇರುವುದುಂಟು. ಅಂಥದನ್ನು ನಿತ್ಯ ಓಡಾಡುವ ಕಾರಿನಲ್ಲಿ ತಿಂಗಳುಗಟ್ಟಲೆ ಬಿಡಬಾರದು. ಅಂಗಡಿಯಲ್ಲಿ ಮಾರುವ ಬಿಡಿ ಔಷಧದ ಶೀಶೆಗಳನ್ನು ತಂದು ಒಳ್ಳೆಯ ಎಣ್ಣೆಗೆ ಬೆರೆಸುವುದಂತೂ ತೂಗಿ ಮಾಡಿದ ಅಡಿಗೆಗೆ ಮತ್ತೆ ಉಪ್ಪು ಹಾಕಿದಂತೆ.

ಈ ಸಂದರ್ಭದಲ್ಲಿ ಒಂದು ಇತಿಹಾಸದ ಸಂಗತಿಯನ್ನು ನೆನೆಯಬಹುದು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಔಡಲ ಒಂದು ಕಾಲದಲ್ಲಿ ಪಂದ್ಯದ ಕಾರುಗಳಿಗೂ ವಿಮಾನಗಳಿಗೂ ಎಣ್ಣೆಯನ್ನು ಕೊಟ್ಟಿತು. ಔಡಲೆಣ್ಣೆ ಕಾದ ಲೋಹಕ್ಕೆ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲನೆಯ ಮಹಾಯುದ್ಧದ ಸುತ್ತುವ ಎಂಜಿನ್ನಿನ ವಿಮಾನಗಳಲ್ಲಿ ಅದನ್ನೇ ಬಳಸಿದರು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಸಹ ಔಡಲದ ಇಂಗ್ಲಿಷು ಹೆಸರಿನಿಂದಲೇ. ಆದರೆ ಅದು ಬೇಗ ಅಂಟುಗಟ್ಟಿ ಎಂಜಿನ್ನಿನೊಳಗೆ ಮೇಣದಂತೆ ಕೂಡುವುದರಿಂದ ಪದೇ ಪದೇ ಬಿಚ್ಚಿ ತೊಳೆಯಬೇಕಾಗುತ್ತಿತ್ತು. ಒಂದು ಗುಣ ಶ್ರೇಷ್ಠವಾಗಿದ್ದ ಮಾತ್ರಕ್ಕೆ ಎಣ್ಣೆ ಶ್ರೇಷ್ಠವಾಗದೆಂಬುದಕ್ಕೆ ಇದು ನಿದರ್ಶನ.

ತಿರುವಿನಲ್ಲಿ ಒದಗುವ ಸಂಕಟ

ಎಣ್ಣೆ ಎಷ್ಟೇ ಉತ್ತಮವಾಗಿದ್ದರೂ ಪಂಪಿನ ಬಾಯಿಗೆ ಅದು ಸಿಕ್ಕದಿದ್ದರೆ ವ್ಯರ್ಥ. ತಂಬಿಗೆಯ ನೀರನ್ನು ಹಿಡಿದು ರಭಸದಿಂದ ತಿರುಗಿದರೆ ನೀರು ಒಂದು ಮಗ್ಗುಲಿಗೆ ಏರುತ್ತದೆ. ತಿರುವಿನಲ್ಲಿ ಕಾರಿನ ಎಣ್ಣೆಯ ತಟ್ಟೆಯಲ್ಲಿಯೂ ಹಾಗೆಯೇ ಆಗುತ್ತದೆ. ಪಕ್ಕಕ್ಕೆ ತಳ್ಳುವ ಬಲವು ಗುರುತ್ವಕ್ಕೆ ಸಮನಾದಾಗ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಆಗ ಪಂಪು ಎಣ್ಣೆಯ ಬದಲಿಗೆ ಗಾಳಿಯನ್ನು ಹೀರಿದರೆ ಬೇರಿಂಗು ಒಣಗುತ್ತದೆ. ಇದಕ್ಕಾಗಿ ತಟ್ಟೆಯಲ್ಲಿ ಅಡ್ಡಗೋಡೆಗಳನ್ನು ಕೂಡಿಸುತ್ತಾರೆ. ಪೂರ್ಣ ಪಂದ್ಯದ ಕಾರುಗಳಲ್ಲಿ ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಟ್ಟು ಪ್ರತ್ಯೇಕ ಪಂಪುಗಳಿಂದ ಒದಗಿಸುತ್ತಾರೆ. ಸಾಮಾನ್ಯ ಕಾರಿನವರು ಓಟಕ್ಕೆ ಮುಂಚೆ ಎಣ್ಣೆ ಮೇಲಿನ ಗೆರೆಯವರೆಗೆ ಇದೆಯೇ ಎಂದು ನೋಡಿಕೊಳ್ಳುವುದು, ತಿರುವುಗಳಲ್ಲಿ ಒತ್ತಡ ಕುಸಿದರೆ ಕೂಡಲೇ ನಿಧಾನಿಸಿ ಹೊರಬರುವುದು ಅವಶ್ಯ.

ಪರೀಕ್ಷೆಯ ಕ್ರಮ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಎಣ್ಣೆಯ ವಿಷಯದಲ್ಲಿ ಇದು ಅಕ್ಷರಶಃ ಸಲ್ಲುತ್ತದೆ. ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಹಲವರು ತಿಳಿಯುತ್ತಾರೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡ ಎಣ್ಣೆ ಕಪ್ಪಾಗುವುದು ಅದು ಕೆಲಸ ಮಾಡಿದ್ದರ ಗುರುತು. ಹೊಂಬಣ್ಣ ಉಳಿದ ಎಣ್ಣೆಯಲ್ಲಿಯೇ ಪೆಟ್ರೋಲು ಸೇರಿ ಹದ ಕೆಟ್ಟಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿಜವಾದ ಪರೀಕ್ಷೆ ಪ್ರಯೋಗಶಾಲೆಯಲ್ಲಿ ನಡೆಯುತ್ತದೆ. ಪೆಟ್ರೋಲಿಯಮ್ ಪದಾರ್ಥಗಳ ಪರೀಕ್ಷಾಕ್ರಮಗಳನ್ನು ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 1448 ಎಂಬ ಮಾಲೆಯಲ್ಲಿ ಗೊತ್ತುಪಡಿಸಿದೆ. ಹೊಸ ಎಣ್ಣೆಯದೊಂದು ಮಾದರಿಯನ್ನೂ, ಓಟದ ನಂತರ ಎಂಜಿನ್ನು ಬಿಸಿಯಿರುವಾಗಲೇ ತೆಗೆದ ಮಾದರಿಯನ್ನೂ ಶುಚಿಯಾದ ಶೀಶೆಗಳಲ್ಲಿ ಕಳುಹಬೇಕು. ಹೊಸದರ ಅಂಕಿ ಇಲ್ಲದೆ ಹಳೆಯದರ ಅಂಕಿಗೆ ಅರ್ಥವಿಲ್ಲ.

ವರದಿಯನ್ನು ಓದುವ ಬಗೆಯನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. 40ನೆಯ ದರ್ಜೆಯ ಹೊಸ ಎಣ್ಣೆಯ ಸ್ನಿಗ್ಧತೆ 14.0 ಇದ್ದು, ಐದು ಗಂಟೆಗಳ ಓಟದ ನಂತರ 12.1 ಆಯಿತೆನ್ನೋಣ. ಇಳಿತ 1.9, ಅಂದರೆ ನೂರಕ್ಕೆ ಸುಮಾರು 13.6. ಎಣ್ಣೆ 12.5ಕ್ಕಿಂತ ಕೆಳಗಿಳಿದದ್ದರಿಂದ ಈಗ ಅದು 40ನೆಯ ದರ್ಜೆಯದಲ್ಲ, 30ನೆಯದು. ಕಾರಣವೇನು? ಅದೇ ವರದಿಯಲ್ಲಿ ಹೊತ್ತಿಕೊಳ್ಳುವ ಉಷ್ಣಮಾನವೂ ಬಹಳ ಇಳಿದಿದ್ದರೆ ಪೆಟ್ರೋಲು ಸೇರಿದೆಯೆಂದು ಊಹಿಸಬೇಕು. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ ಆ ಊಹೆ ಬಲವಾಗುತ್ತದೆ. ಆ ಉಷ್ಣಮಾನ ಇಳಿಯದಿದ್ದರೆ ಉದ್ದನೆಯ ಅಣುಗಳು ತುಂಡಾಗಿರುವ ಸಂಭವ ಹೆಚ್ಚು. ಮೊದಲನೆಯದಕ್ಕೆ ಎಂಜಿನ್ನನ್ನು ಸರಿಪಡಿಸಬೇಕು, ಎರಡನೆಯದಕ್ಕೆ ಎಣ್ಣೆಯನ್ನು ಬದಲಿಸಬೇಕು. ಕಾರಣವನ್ನರಿಯದೆ ಮದ್ದು ಮಾಡಬಾರದು.

ಬಳಿಕ ಲೋಹಗಳ ಅಂಕಿಗಳು. ಕಬ್ಬಿಣ ಹೆಚ್ಚಾದರೆ ಸಿಲಿಂಡರು ಅಥವಾ ಕ್ಯಾಮು, ತಾಮ್ರ ಮತ್ತು ಸೀಸ ಹೆಚ್ಚಾದರೆ ಬೇರಿಂಗು, ಅಲ್ಯುಮಿನಿಯಮ್ ಹೆಚ್ಚಾದರೆ ಪಿಸ್ಟನ್ನು ಸವೆದಿರುವ ಸಂಶಯ. ಸಿಲಿಕನ್ ಹೆಚ್ಚಾದರೆ ಗಾಳಿಯ ಸೋಸುಕದಲ್ಲಿ ಧೂಳು ನುಸುಳಿದೆಯೇ ಎಂದು ಮೊದಲು ನೋಡಬೇಕು. ಇಲ್ಲಿಯೂ ಲೆಕ್ಕ ಗಂಟೆಗೆ ಇಷ್ಟೆಂದು ಇರಬೇಕು. ದಶಲಕ್ಷಕ್ಕೆ 12 ಭಾಗ ಕಬ್ಬಿಣ 5 ಗಂಟೆಗಳಲ್ಲಿ, 24 ಭಾಗ 10 ಗಂಟೆಗಳಲ್ಲಿ ಬಂದರೆ ಸವೆತದ ವೇಗ ಒಂದೇ: ಗಂಟೆಗೆ 2.4. ಆದರೆ ಹೊಸ ಎಣ್ಣೆ ತುಂಬಿದ ನಂತರ 6 ಗಂಟೆಗಳಲ್ಲಿಯೇ 30 ಬಂದರೆ ಗಂಟೆಗೆ 5, ಆಗ ಎಚ್ಚರಗೊಳ್ಳಬೇಕು. ನಾಲ್ಕು ಲೀಟರು ಇದ್ದಲ್ಲಿ ಒಂದು ಲೀಟರು ಹೊಸದನ್ನು ಸುರಿದಿದ್ದರೆ ಎಲ್ಲ ಅಂಕಿಗಳೂ ಐದನೆಯ ಒಂದು ಭಾಗದಷ್ಟು ಇಳಿದು ತೋರುತ್ತವೆ. ಆದ್ದರಿಂದ ಸುರಿದದ್ದನ್ನೆಲ್ಲ ದಿನಾಂಕ ಸಹಿತ ವಹಿಯಲ್ಲಿ ಬರೆದಿಡಬೇಕು.

ಎರಡು ಎಣ್ಣೆಗಳನ್ನು ಹೋಲಿಸುವಾಗ ಕಾರು, ದಾರಿ, ಗಂಟೆಗಳು, ಸೋಸುಕ ಎಲ್ಲವನ್ನೂ ಆದಷ್ಟು ಒಂದೇ ತೆರನಾಗಿರಿಸಿ ಎಣ್ಣೆಯನ್ನು ಮಾತ್ರ ಬದಲಿಸತಕ್ಕದ್ದು. ಎರಡು ಸಂಗತಿಗಳನ್ನು ಕೂಡಿಯೇ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಬ್ರಹ್ಮನೂ ಹೇಳಲಾರ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಒಂದೇ ಅಳತೆಯ ಮೂರು ಗಾಜಿನ ಶೀಶೆಗಳಲ್ಲಿ ಒಂದೇ ಹೊಸ ಎಣ್ಣೆಯನ್ನು, ಮೇಲೆ ಸಮಾನವಾದ ಸ್ವಲ್ಪ ಗಾಳಿ ಉಳಿಯುವಂತೆ, ತುಂಬಿ ಮುಚ್ಚಳವನ್ನು ಭದ್ರಪಡಿಸಿರಿ. ಒಂದನ್ನು ಹಾಗೆಯೇ ಇಡಿರಿ, ಒಂದನ್ನು ತಣ್ಣೀರಿನಲ್ಲಿಯೂ ಒಂದನ್ನು ಕೈ ತಾಳುವಷ್ಟು ಬೆಚ್ಚನೆಯ ನೀರಿನಲ್ಲಿಯೂ ಹದಿನೈದು ನಿಮಿಷ ಇಡಿರಿ. ಅನಂತರ ಒಂದೊಂದನ್ನೇ ತಲೆಕೆಳಗು ಮಾಡಿ ಗಾಳಿಯ ಗುಳ್ಳೆ ತುದಿಗೇರಲು ಹಿಡಿಯುವ ಸೆಕೆಂಡುಗಳನ್ನು ಎಣಿಸಿರಿ. ತಣ್ಣಗಿನದರಲ್ಲಿ ಗುಳ್ಳೆ ನಿಧಾನವಾಗಿಯೂ ಬೆಚ್ಚಗಿನದರಲ್ಲಿ ಬೇಗನೆಯೂ ಏರುವುದು. ಅದೇ ರೀತಿ 20ಡಬ್ಲ್ಯೂ-50 ಹಾಗೂ 5ಡಬ್ಲ್ಯೂ-30 ಎಣ್ಣೆಗಳನ್ನು ಹೋಲಿಸಿ ನೋಡಿರಿ. ಒಲೆಯ ಮೇಲೆ ಎಣ್ಣೆಯನ್ನು ಕಾಯಿಸಕೂಡದು. ಶಿಕ್ಷಕರ ಎದುರಿನಲ್ಲಿಯೇ ಪ್ರಯೋಗ ನಡೆಯಬೇಕು. ಈ ಪ್ರಯೋಗ 150 ಡಿಗ್ರಿಯ ನಡತೆಯನ್ನು ತೋರಿಸಲಾರದೆಂಬುದನ್ನೂ ಗಮನದಲ್ಲಿಡಿರಿ. ಪ್ರತಿಯೊಂದು ಪರೀಕ್ಷೆಗೂ ತನ್ನದೇ ಆದ ಎಲ್ಲೆಯುಂಟು.

ಪಾಲಕರಿಗೆ ಎರಡು ಮಾತು

ತೆಗೆದ ಹಳೆಯ ಎಣ್ಣೆಯನ್ನು ಗಟಾರಕ್ಕಾಗಲಿ ಹೊಲಕ್ಕಾಗಲಿ ಸುರಿಯಬಾರದು. ನಮ್ಮ ಗಟಾರುಗಳ ನೀರು ಕೊನೆಗೆ ಸೇರುವುದು ಪಂಚಗಂಗೆಯನ್ನೋ ಹಿರಣ್ಯಕೇಶಿಯನ್ನೋ. ಅದನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ. ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು, ಮರುಶುದ್ಧಿಗೆ ಪರವಾನಗಿಯುಳ್ಳವರಿಗೆ ತಲುಪಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಬಳಸಿದ ಎಣ್ಣೆ ಚರ್ಮಕ್ಕೆ ಅಪಾಯಕರವಾದ್ದರಿಂದ ಕೈಚೀಲ ಧರಿಸಿಯೇ ಮುಟ್ಟಬೇಕು. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ಎರಡನೆಯದಾಗಿ, ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಹೂಡುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. ವೇಗದ ಆಸೆಯುಳ್ಳ ಮಗನನ್ನು ಬೈದು ಸುಮ್ಮನಾಗಿಸುವುದಕ್ಕಿಂತ, ಓಟದಾರಿಗೆ ಕರೆದೊಯ್ದು ಅಲ್ಲಿಯ ಶಿಸ್ತನ್ನು ತೋರಿಸುವುದು ಮೇಲು. ಓಟ ಇಪ್ಪತ್ತು ನಿಮಿಷದ್ದಾದರೆ ಅದರ ಹಿಂದಿನ ಸಿದ್ಧತೆ ಇಡೀ ದಿನದ್ದೆಂಬುದನ್ನು ಅವನು ಅಲ್ಲಿ ಕಣ್ಣಾರೆ ಕಾಣುವನು.

ವಿದ್ಯಾರ್ಥಿಗಳೇ, ಗಣಿತದ ಭಾಗಾಕಾರ, ಭೌತಶಾಸ್ತ್ರದ ಘರ್ಷಣೆ, ರಸಾಯನಶಾಸ್ತ್ರದ ಆಮ್ಲಜನಕ, ಭೂಗೋಲದ ಹವಾಮಾನ ಇವೆಲ್ಲವೂ ಒಂದು ಡಬ್ಬಿ ಎಣ್ಣೆಯ ಆಯ್ಕೆಯಲ್ಲಿ ಕೂಡಿಬಂದದ್ದನ್ನು ಕಂಡಿರಿ. ನಾಳೆ ನಿಮ್ಮಲ್ಲಿ ಕೆಲವರು ಕಾರು ಓಡಿಸುವಿರಿ, ಹಲವರು ಕಾರಿನ ಭಾಗಗಳನ್ನು ಎರಕ ಹೊಯ್ಯುವಿರಿ, ಇನ್ನು ಕೆಲವರು ನೀರೆತ್ತುವ ಎಂಜಿನ್ನಿಗೆ ಎಣ್ಣೆ ತುಂಬುವಿರಿ. ಯಾವ ಕೆಲಸದಲ್ಲಿದ್ದರೂ ಡಬ್ಬಿಯ ಮೇಲಿನ ಹೆಸರನ್ನು ನಂಬುವ ಮೊದಲು ಒಳಗಿನ ಗುಣವನ್ನು ಅಳೆದು ನೋಡಿರಿ, ಅಳೆದದ್ದನ್ನು ಬರೆದಿಡಿರಿ.